ಅಪ್‌ಡೇಟ್ ಬಂದ್ ಮಾಡಿಸುವ ಮೊದಲು ನಿಮ್ಮ ನುಡಿ ಫೈಲುಗಳನ್ನು ನೋಡಿ

ಪ್ರಶ್ನೆ: ಜಮಖಂಡಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮೂರು ಕಂಪ್ಯೂಟರ್, ಮೂರರಲ್ಲೂ ವಿಂಡೋಸ್ 10. ಎಲ್ಲಾ ಹಳೆಯವು, ನಾಲ್ಕನೇ ಜನರೇಷನ್ ಐ3, 4 ಜಿಬಿ ರ್‍ಯಾಮ್. ಹೋದ ವರ್ಷ ಲಗ್ನದ ಸೀಸನ್‌ನಲ್ಲಿ ಒಂದು ಬುಧವಾರ ಬೆಳಿಗ್ಗೆ ಅಂಗಡಿ ತೆಗೆದರೆ ಅಪ್‌ಡೇಟ್ ಅಂತ ಚಕ್ರ ತಿರುಗುತ್ತಾ ಕೂತುಬಿಟ್ಟಿತು. ಉತಾರ (ಪಹಣಿ) ತೆಗೆಸಲು ಬಂದವರೆಲ್ಲ ಪಕ್ಕದ ಅಂಗಡಿಗೆ ಹೋದರು. ಅದು ಮುಗಿದ ಮೇಲೆ ಪ್ರಿಂಟ್ ಕೊಟ್ಟರೆ ಕಾಗದವೇ ಬರಲಿಲ್ಲ. ರಿಪೇರಿ ಹುಡುಗ ಬಂದು ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿ ಹೋದ. ಈಗ ಅವನೇ ವಿಂಡೋಸ್ 10 ಮುಗೀತು, 11 ನಿಮ್ಮ ಮಷಿನ್‌ಗೆ ಬರಲ್ಲ, ಮೂರೂ ಹೊಸದು ತಗೊಳ್ಳಿ ಅಂತಾನೆ. ಮಗ ವಿಂಡೋಸ್ ಬದಲು ಲಿನಕ್ಸ್ ಹಾಕೋಣ ಅಂತಾನೆ. ಕನ್ನಡ ಟೈಪಿಂಗಿನ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್, ಡಿಸೈನಿನ ಕೋರಲ್, ಲೆಕ್ಕದ ಟ್ಯಾಲಿ ಅದರಲ್ಲಿ ಬರುತ್ತಾ? ಯಾರ ಮಾತು ಕೇಳಲಿ?

ಉತ್ತರ:

ಅಕ್ಕಾವ್ರೇ, ಇಬ್ಬರ ಮಾತೂ ಅರ್ಧರ್ಧ ಸರಿ. ಆದರೆ ನೀವು ಕೊನೆಯಲ್ಲಿ ಕೇಳಿದ್ದೇ ಮೊದಲು ಕೇಳಬೇಕಾದ ಪ್ರಶ್ನೆ. ವಿಂಡೋಸೋ ಲಿನಕ್ಸೋ ಅನ್ನುವುದು ಆಮೇಲಿನ ಮಾತು. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ, ಇಷ್ಟು ವರ್ಷ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲುಗಳು. ಅದಕ್ಕೆ ಬರುತ್ತೇನೆ, ಮೊದಲು ಆ ಬುಧವಾರದ ಕಥೆ ಮುಗಿಸೋಣ.

ಬುಧವಾರವೇ ಯಾಕೆ ಅಂದರೆ, ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತೆಯ ಅಪ್‌ಡೇಟ್ ಬಿಡುತ್ತದೆ. 2003ರಿಂದ ಇದೇ ಪದ್ಧತಿ. ಅಮೆರಿಕದಲ್ಲಿ ಅವರು ಅದನ್ನು ಬಿಡುವ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಅಷ್ಟೊತ್ತಿಗೆ ನೀವು ಶಟರ್ ಎಳೆದು ಮನೆಗೆ ಹೋಗಿರುತ್ತೀರಿ. ಮರುದಿನ ಬೆಳಿಗ್ಗೆ ಮಷಿನ್ ಹಚ್ಚಿದ ತಕ್ಷಣ ಅದು ಇಳಿಸಿಕೊಳ್ಳಲು ಶುರು ಮಾಡುತ್ತದೆ, ಅದೇ ಹೊತ್ತಿಗೆ ಬಾಗಿಲಲ್ಲಿ ಉತಾರದವರು, ಆಧಾರ್ ಪ್ರಿಂಟಿನವರು, ಕೋರ್ಟಿನ ಅಫಿಡವಿಟ್‌ನವರು. 4 ಜಿಬಿ ರ್‍ಯಾಮು, ಹಳೆಯ ಹಾರ್ಡ್ ಡಿಸ್ಕು ಇದ್ದರೆ ಒಂದು ಅಪ್‌ಡೇಟ್ ಒಂದು ತಾಸು ತಿಂದರೂ ಆಶ್ಚರ್ಯವಿಲ್ಲ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಮುಗಿದೇ ಹೋಯಿತು, ಅರ್ಧ ಹಾಕಿದ್ದನ್ನು ವಾಪಸ್ ತೆಗೆಯುವುದಕ್ಕೆ ಇನ್ನೊಂದು ತಾಸು.

ಇನ್ನು ಪ್ರಿಂಟ್ ಬರದೇ ಇದ್ದದ್ದು. ಬಹಳ ಸಲ ಪ್ರಿಂಟರ್ ಸರಿಯಾಗಿಯೇ ಇರುತ್ತದೆ, ಪ್ರಿಂಟು ಬೇರೆ ಕಡೆ ಹೋಗಿರುತ್ತದೆ. ವಿಂಡೋಸ್ 10ರಲ್ಲಿ ಡಿಫಾಲ್ಟ್ ಪ್ರಿಂಟರನ್ನು ತಾನೇ ನೋಡಿಕೊಳ್ಳುವ ಒಂದು ಸೆಟಿಂಗ್ ಇದೆ. ಕೊನೆಗೆ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದನ್ನೇ ಡಿಫಾಲ್ಟ್ ಮಾಡಿಬಿಡುತ್ತದೆ. ನೀವು ಹಿಂದಿನ ದಿನ ಒಂದು ಪಿಡಿಎಫ್ ಮಾಡಿಕೊಂಡಿದ್ದರೆ ಇವತ್ತು ಎಲ್ಲವೂ ಪಿಡಿಎಫ್‌ಗೇ ಹೋಗುತ್ತದೆ. ಸೆಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂತ ಇರುವಲ್ಲಿ ಆ ಟಿಕ್ ತೆಗೆದು, ನಿಮ್ಮ ಪ್ರಿಂಟರನ್ನು ಡಿಫಾಲ್ಟ್ ಮಾಡಿ. ಹಾಗಂತ ಅಪ್‌ಡೇಟಿನದು ಏನೂ ತಪ್ಪೇ ಇರುವುದಿಲ್ಲ ಅಂತ ನಾನು ಹೇಳುವುದಿಲ್ಲ. 2021ರಲ್ಲಿ ಪ್ರಿಂಟಿಂಗ್ ಭಾಗದಲ್ಲೇ ಒಂದು ದೊಡ್ಡ ಭದ್ರತಾ ತೂತು ಸಿಕ್ಕಿತು, ಅದನ್ನು ಮುಚ್ಚಲು ಬಂದ ಅಪ್‌ಡೇಟುಗಳಿಂದಲೇ ನೆಟ್‌ವರ್ಕ್ ಪ್ರಿಂಟರುಗಳು ಎಷ್ಟೋ ಕಡೆ ನಿಂತವು. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿತ್ತು, ಮೈಕ್ರೋಸಾಫ್ಟ್ ಅದನ್ನು ವಾಪಸ್ ತೆಗೆದುಕೊಂಡು ತಿದ್ದಿ ಮತ್ತೆ ಬಿಡಬೇಕಾಯಿತು. ಅಪ್‌ಡೇಟ್ ಅಂದರೆ ನಿಮಗೆ ಸಿಟ್ಟು ಬರುವುದು ಸುಮ್ನೆ ಅಲ್ಲ.

ಆದರೆ ಆ ರಿಪೇರಿ ಹುಡುಗ ಕೊಟ್ಟ ಔಷಧಿ ರೋಗಕ್ಕಿಂತ ಕೆಟ್ಟದ್ದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಬಹಳಷ್ಟು ಜನ ಅದನ್ನು ಹಾಕಿಕೊಳ್ಳದೇ ಇದ್ದವರು. ನಿಮ್ಮದು ದಿನಕ್ಕೆ ಎಷ್ಟೋ ಜನರ ಪೆನ್ ಡ್ರೈವ್ ಹಚ್ಚುವ, ಬೇರೆಯವರ ಆಧಾರ್, ಪಾಸ್‌ಬುಕ್ಕು ತೆರೆಯುವ ಮಷಿನ್. ನೀವು ಅಪ್‌ಡೇಟ್ ಬಂದ್ ಮಾಡಿ ಕೂರುವುದು ಅಂದರೆ ಸಂತೆಯಲ್ಲಿ ಗಲ್ಲಾಪೆಟ್ಟಿಗೆ ತೆರೆದಿಟ್ಟು ಚಹಾ ಕುಡಿಯಲು ಹೋದಂತೆ.

ಬಂದ್ ಮಾಡಬೇಡಿ, ಹೊತ್ತು ಗೊತ್ತು ಮಾಡಿ. ಅಪ್‌ಡೇಟ್ ಸೆಟಿಂಗ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಅಂತ ಇದೆ, ದಿನಕ್ಕೆ 18 ತಾಸಿನವರೆಗೆ ಕೊಡಬಹುದು. ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದು ಅಂತ ಕೊಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಲಗ್ನದ ಸೀಸನ್ ಇದ್ದರೆ ಪಾಝ್ (Pause) ಒತ್ತಿ, 35 ದಿನದವರೆಗೆ ಮುಂದೂಡಬಹುದು. ಆಮೇಲೆ ಮಾತ್ರ ಅದು ಬಿಡುವುದಿಲ್ಲ, ಹಾಕಿಸಿಕೊಂಡೇ ತೀರುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಆ ಕನೆಕ್ಷನ್ನನ್ನು ಮೀಟರ್ಡ್ ಅಂತ ಗುರುತು ಮಾಡಿದರೆ ದೊಡ್ಡ ಡೌನ್‌ಲೋಡುಗಳು ನಿಲ್ಲುತ್ತವೆ. ವಾರಕ್ಕೊಂದು ದಿನ ಅಂಗಡಿ ಬಂದ್ ಇರುತ್ತದಲ್ವಾ, ಆ ದಿನ ಒಂದೊಂದಾಗಿ ಹಚ್ಚಿ ಅಪ್‌ಡೇಟ್ ಮುಗಿಸಿಬಿಡಿ. ಹಸುವಿಗೆ ಹಾಲು ಕರೆಯುವ ಹೊತ್ತು ಇದ್ದಂತೆ ಇದಕ್ಕೂ ಒಂದು ಹೊತ್ತು ಇರಲಿ.

ಈಗ ವಿಂಡೋಸ್ 10 ಮುಗೀತು ಅನ್ನುವ ಮಾತು. ಅದು ನಿಜ. 2015ರ ಜುಲೈನಲ್ಲಿ ಬಂದದ್ದು, 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. ಮುಗಿಯಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಹೊಸ ತೂತುಗಳಿಗೆ ತೇಪೆ ಬರುವುದಿಲ್ಲ ಅಷ್ಟೇ. ಸ್ವಂತ ಬಳಕೆಯ ಮಷಿನ್‌ಗಳಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಮಾತ್ರ ಕೊಡುವ ಒಂದು ಯೋಜನೆ ಮಾಡಿದ್ದಾರೆ. ಅದಕ್ಕೆ 22ಎಚ್2 ಅನ್ನುವ ಕೊನೆಯ ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋಗಿರಬೇಕು. ಸೆಟಿಂಗ್ಸನ್ನು ಅವರ ಕ್ಲೌಡಿಗೆ ಸಿಂಕ್ ಮಾಡಲು ಒಪ್ಪಿದರೆ ದುಡ್ಡಿಲ್ಲ, ಒಪ್ಪದಿದ್ದರೆ 30 ಡಾಲರ್ ಲೆಕ್ಕ. ಹುಡುಗರು ಲೈಸೆನ್ಸ್ ಇಲ್ಲದೆ ಕ್ರ್ಯಾಕ್ ಹಾಕಿ ಕೊಟ್ಟ ವಿಂಡೋಸ್ ಇದ್ದರೆ ಈ ದಾರಿಗೆ ಹೋಗಲೇಬೇಡಿ, ಆ ಮಷಿನ್ನನ್ನು ಬೇರೆಯೇ ರೀತಿ ನೋಡಬೇಕು. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಬಂದ್ ಮಾಡು ಅಂತ ಅದೇ ಕೇಳುತ್ತದೆ. ಬಾಗಿಲು ಕಾಯುವವನನ್ನು ಮನೆಗೆ ಕಳಿಸಿ ಆಮೇಲೆ ಬರುತ್ತೇನೆ ಅನ್ನುವವನನ್ನು ಯಾಕೆ ನಂಬುತ್ತೀರಿ?

ವಿಂಡೋಸ್ 11 ನಿಮ್ಮ ಮಷಿನ್‌ಗೆ ಬರುವುದಿಲ್ಲ ಅನ್ನುವುದೂ ಸರಿಯೇ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಮೇಲಿನದು ಬೇಕು. ನಿಮ್ಮದು ನಾಲ್ಕನೆಯದು. ಆ ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ, ನಿಮ್ಮ ರಿಪೇರಿ ಹುಡುಗನಿಗೂ ಗೊತ್ತಿರುತ್ತದೆ. ಹಾಕಿದರೆ ಓಡುತ್ತದೆ ಕೂಡ. ಆದರೆ ಅದು ಬೆಂಬಲ ಇಲ್ಲದ ಮಷಿನ್ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ದೊಡ್ಡ ಆವೃತ್ತಿ ಬದಲಾದಾಗ ಮತ್ತೆ ಅದೇ ಕಸರತ್ತು ಮಾಡಬೇಕು. ಅಪ್‌ಡೇಟ್ ಕಾಟಕ್ಕೆ ಬೇಸತ್ತವರು ನೀವು. ನಿಮಗೆ ಅದು ಬೇಡ.

ಹಾಗಾದರೆ ಲಿನಕ್ಸಾ? ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಬೆಳಗಾವಿಯಲ್ಲಿ ಗೆಳೆಯನ ಝೆರಾಕ್ಸ್ ಅಂಗಡಿಯ ಎಲ್ಲಾ ಕಂಪ್ಯೂಟರುಗಳಿಗೂ ಒಂದೇ ದಿನ ಲಿನಕ್ಸ್ ಹಾಕಿದೆ. ಹುಮ್ಮಸ್ಸು ಹಾಗಿತ್ತು. ಸಂಜೆಯ ಹೊತ್ತಿಗೆ ಒಂದು ಪ್ರಿಂಟರ್ ಮಾತಾಡಲಿಲ್ಲ, ಮರುದಿನ ಒಬ್ಬರು ಹಳೆಯ ಲಗ್ನಪತ್ರಿಕೆ ಹಿಡಿದು ಬಂದರು, ಅಣ್ಣನ ಪತ್ರಿಕೆಯಂತೆಯೇ ತಮ್ಮನದೂ ಬೇಕು, ಹೆಸರು, ಮುಹೂರ್ತ ಮಾತ್ರ ಬದಲಿಸಿ ಅಂತ. ಫೈಲು ಇದೆ, ತೆರೆಯಿತು ಕೂಡ, ಆದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನಾಲ್ಕನೇ ದಿನ ಗೆಳೆಯ ಮಾತಾಡದೆ ಎಲ್ಲದಕ್ಕೂ ವಾಪಸ್ ವಿಂಡೋಸ್ ಹಾಕಿಸಿದ. ನನ್ನ ಜೊತೆ ಮಾತು ಶುರು ಮಾಡಲು ಇನ್ನೂ ಒಂದು ವಾರ ಹಿಡಿಯಿತು.

ಆ ಜಾತ್ರೆ ಯಾಕಾಯಿತು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ. ಹಳೆಯ ನುಡಿಯಲ್ಲಿ, ಬರಹ ಅನ್ನುವ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ನೀವು ಟೈಪ್ ಮಾಡಿದ ಕನ್ನಡ ಫೈಲಿನೊಳಗೆ ಕನ್ನಡವಾಗಿ ಇರುವುದೇ ಇಲ್ಲ. ಒಳಗಿರುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳು. ಆ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಬರೆದಿಟ್ಟ ಫಾಂಟು ಮೇಲೆ ಹೊದಿಸಿದಾಗ ನಮಗೆ ಕನ್ನಡ ಕಾಣುತ್ತದೆ. ಆಸ್ಕಿ ಫಾಂಟು ಅಂತ ಜನ ಕರೆಯುವುದು ಇದನ್ನೇ. ಹೊದಿಕೆ ತೆಗೆದರೆ ಬಣ್ಣ ಬಯಲು. ಯೂನಿಕೋಡ್ ಹಾಗಲ್ಲ, ಅಲ್ಲಿ ಕ ಅಂದರೆ ಕ ಅಂತಲೇ ಬರೆದಿಟ್ಟಿರುತ್ತದೆ. ಯಾವ ಫಾಂಟು ಹಾಕಿ, ಯಾವ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ತೆರೆಯಿರಿ, ಕನ್ನಡವೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ, ವಾಟ್ಸಾಪಿಗೆ ಅಂಟಿಸಿದರೆ ಹೋಗುತ್ತದೆ. ನಮ್ಮ ಗಡಿಯ ಊರುಗಳಲ್ಲಿ ಅರ್ಜಿ ಕನ್ನಡದಲ್ಲಿ, ಹೆಸರು ವಿಳಾಸ ಮರಾಠಿಯಲ್ಲಿ ಬರುವುದು ಮಾಮೂಲು. ಯೂನಿಕೋಡಿನಲ್ಲಿ ಎರಡೂ ಒಂದೇ ಫೈಲಿನಲ್ಲಿ ಜಗಳವಿಲ್ಲದೆ ಕೂರುತ್ತವೆ.

ಅದಕ್ಕೇ ನಾನು ಹೇಳುವುದು, ನೀವು ಲಿನಕ್ಸಿಗೆ ಹೋಗಿ, ವಿಂಡೋಸ್ 11ಕ್ಕೆ ಹೋಗಿ, ಎಲ್ಲಿಗೂ ಹೋಗದೆ ಇರಿ, ಹೊಸದಾಗಿ ಮಾಡುವ ಕೆಲಸ ಇವತ್ತಿನಿಂದ ಯೂನಿಕೋಡಿನಲ್ಲಿ ಮಾಡಿ. ಹಳೆಯದರಲ್ಲಿ ಗಿರಾಕಿಗಳು ಮತ್ತೆ ಮತ್ತೆ ಕೇಳುವ ಫೈಲುಗಳನ್ನು ಆರಿಸಿ. ಬಾಡಿಗೆ ಕರಾರು, ಅಫಿಡವಿಟ್, ವಂಶಾವಳಿ, ಲಗ್ನಪತ್ರಿಕೆಯ ಹತ್ತಿಪ್ಪತ್ತು ಮಾದರಿ. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ನುಡಿಯಲ್ಲೇ ಆ ಸೌಲಭ್ಯ ಇದೆ. ಮಾಡಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು ಮೊದಲು ನೋಡಿ, ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ಆಮೇಲೆ ಒತ್ತಿರುತ್ತೀರಿ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು, ಹಾಗಾಗಿ ಸೂರ್ಯ, ಧರ್ಮ, ಕರ್ನಾಟಕದಂಥ ಪದಗಳು ಕೆಡುವುದು ಜಾಸ್ತಿ. ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರು, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಸರ್ವೆ ನಂಬರು, ದುಡ್ಡಿನ ಅಂಕಿ ಎರಡೆರಡು ಸಲ ನೋಡಿ. ಕರಾರು ಪತ್ರದಲ್ಲಿ ಒಂದು ಸೊನ್ನೆ ಹೋದರೆ ಆಮೇಲೆ ಕೋರ್ಟು ಮೆಟ್ಟಿಲು. ಉಳಿದ ಸಾವಿರ ಫೈಲುಗಳನ್ನು ಹಾಗೇ ಇಡಿ, ಯಾರಾದರೂ ಕೇಳಿದ ದಿನ ಆ ಒಂದನ್ನು ಮಾಡಿದರಾಯಿತು.

ಟೈಪಿಂಗ್ ಮತ್ತೆ ಕಲಿಯಬೇಕಾ ಅಂತ ಗಾಬರಿ ಬೇಡ. ಲಿನಕ್ಸಿನಲ್ಲಿ ಐಬಸ್ ಅಂತ ಒಂದು ವ್ಯವಸ್ಥೆ ಇದೆ, ಅದಕ್ಕೆ ಎಂ17ಎನ್ ಅನ್ನುವ ಸೇರಿಕೆ ಹಾಕಿದರೆ ಕನ್ನಡದ ಕೀಲಿಮಣೆಗಳ ಪಟ್ಟಿಯಲ್ಲಿ ಕೆಜಿಪಿ ಅಂತ ಒಂದು ಕಾಣುತ್ತದೆ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರೇ. ನುಡಿಯಲ್ಲಿ ಬೆರಳು ಪಳಗಿದವರಿಗೆ ಒಂದೆರಡು ದಿನದಲ್ಲಿ ಕೈ ಕೂರುತ್ತದೆ. ಫಾಂಟುಗಳೂ ಬಿಟ್ಟಿ ಸಿಗುತ್ತವೆ, ಗುಬ್ಬಿ, ನವಿಲು, ಲೋಹಿತ್, ನೋಟೋ. ಲಗ್ನಪತ್ರಿಕೆಗೆ ಬೇಕಾದ ಬಳುಕಿನ ಅಕ್ಷರಗಳು ಯೂನಿಕೋಡಿನಲ್ಲಿ ಹಳೆಯ ಫಾಂಟುಗಳಷ್ಟು ಇಲ್ಲ ಅನ್ನುವ ದೂರು ಮಾತ್ರ ನಾನೂ ಒಪ್ಪುತ್ತೇನೆ.

ಇನ್ನು ಒಂದೊಂದಾಗಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಲಿನಕ್ಸಿನಲ್ಲಿ ತಂತ್ರ ಮಾಡಿ ಓಡಿಸುವವರಿದ್ದಾರೆ, ನೀವು ಬೇಡ. ಬೇರೆಯವರ ಲೆಕ್ಕ ನಿಮ್ಮ ಕೈಲಿರುವಾಗ ಪ್ರಯೋಗ ಮಾಡಬಾರದು. ಬೆರಳಿನ ಗುರುತು ಹಿಡಿಯುವ ಮಷಿನ್ ಇದ್ದರೆ ಅದೂ ವಿಂಡೋಸಿನಲ್ಲೇ ಇರಲಿ. ಕೋರಲ್ ಈಗ ಲಿನಕ್ಸಿಗೆ ಬರುವುದಿಲ್ಲ. ಇಂಕ್‌ಸ್ಕೇಪ್ ಅದರ ಫೈಲುಗಳನ್ನು ಅಷ್ಟಿಷ್ಟು ತೆರೆಯುತ್ತದೆ, ಅಳತೆ, ಅಕ್ಷರ ಅತ್ತಿತ್ತ ಆಗುತ್ತವೆ. ಬ್ಯಾನರ್ ಪ್ರಿಂಟಿಂಗ್‌ನವರು ಕೋರಲ್ ಫೈಲನ್ನೇ ಕೇಳಿದರೆ ನಿಮಗೆ ಬೇರೆ ದಾರಿ ಇಲ್ಲ.

ಪೇಜ್‌ಮೇಕರ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದನ್ನು ಮಾರುತ್ತಿದ್ದ ಅಡೋಬಿಯೇ ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ, ನೀವು ನುಡಿಯ ಹಳೆಯ ಫಾಂಟಿನಲ್ಲಿ ಸಿಕ್ಕಿಬಿದ್ದಿರುವುದಕ್ಕೆ ಅರ್ಧ ಕಾರಣ ಅದೇ. ಬಿಟ್ಟಿ ಬೇಕಾದರೆ ಸ್ಕ್ರೈಬಸ್ ಇದೆ. ಮೊದಲು ಅದರಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತಿತ್ತು, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹಳಬರು ಯಾರಾದರೂ ಸ್ಕ್ರೈಬಸ್ ಕೆಲಸಕ್ಕೆ ಬರಲ್ಲ ಅಂದರೆ ಯಾವ ಆವೃತ್ತಿ ನೋಡಿದ್ದೀರಿ ಅಂತ ಕೇಳಿ. ಒಂದು ಪುಟದ ಪತ್ರಿಕೆ, ಕರಪತ್ರಕ್ಕೆ ವರ್ಡ್‌ನಂಥ ಬಿಟ್ಟಿ ಲಿಬ್ರೆ ಆಫೀಸ್ ಸಾಕು. ಲಿಬ್ರೆ ಆಫೀಸಿನ ಡ್ರಾ ಹಳೆಯ ಪೇಜ್‌ಮೇಕರ್ ಫೈಲುಗಳನ್ನು ಸುಮಾರಾಗಿ ತೆರೆಯುತ್ತದೆ ಕೂಡ, ಆ ಮಷಿನ್‌ನಲ್ಲಿ ನುಡಿ ಫಾಂಟು ಇದ್ದರೆ ಕನ್ನಡವೂ ಕಾಣುತ್ತದೆ. ಲಿಬ್ರೆ ಆಫೀಸು ವಿಂಡೋಸಿನಲ್ಲೂ ಓಡುತ್ತದೆ, ಸ್ಕ್ರೈಬಸ್ಸೂ, ಇಂಕ್‌ಸ್ಕೇಪೂ, ಪಾಸ್‌ಪೋರ್ಟ್ ಫೋಟೋಕ್ಕೆ ಜಿಂಪೂ ಓಡುತ್ತವೆ. ಅಂದಮೇಲೆ ಮೊದಲು ಇವನ್ನೆಲ್ಲ ಈಗಿನ ವಿಂಡೋಸಿನಲ್ಲೇ ಹಾಕಿಕೊಂಡು ಒಂದೆರಡು ತಿಂಗಳು ಕೈ ಪಳಗಿಸಿ. ಮನೆ ಬದಲಿಸುವ ಮೊದಲು ಪಾತ್ರೆ ಬದಲಿಸಿದಂತೆ. ಆಮೇಲೆ ಕೆಳಗಿನ ಸಿಸ್ಟಮ್ ಬದಲಾದರೂ ನಿಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮಗ ಇದನ್ನು ಹೇಳಿರುವುದಿಲ್ಲ, ಹುಡುಗರಿಗೆ ಮನೆ ಕೆಡವುವುದರಲ್ಲೇ ಉತ್ಸಾಹ ಜಾಸ್ತಿ.

ಪ್ರಿಂಟರ್ ಯಾವುದು ಅಂತ ನೀವು ಬರೆದಿಲ್ಲ. ನಮ್ಮ ಕಡೆ ಹಳೆಯ ಝೆರಾಕ್ಸ್ ಅಂಗಡಿ ಅಂದರೆ ಕ್ಯಾನನ್ ಎಲ್‌ಬಿಪಿ 2900 ಇರುವುದೇ ಜಾಸ್ತಿ. ಗಟ್ಟಿ ಪ್ರಿಂಟರ್, ಆದರೆ ಅದು ತನ್ನದೇ ಕ್ಯಾಪ್ಟ್ ಅನ್ನುವ ಭಾಷೆ ಮಾತಾಡುತ್ತದೆ, ಲಿನಕ್ಸಿನಲ್ಲಿ ಅದನ್ನು ಕೂರಿಸುವುದು ತಲೆನೋವು. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು, ಎಪ್ಸನ್‌ನ ಇಂಕ್ ಟ್ಯಾಂಕ್‌ಗಳು ಲಿನಕ್ಸಿನಲ್ಲಿ ಸಲೀಸಾಗಿ ಬರುತ್ತವೆ. ನಿಮ್ಮದು 2900 ಆದರೆ ಅದನ್ನು ವಿಂಡೋಸ್ ಮಷಿನ್‌ಗೇ ಬಿಡಿ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೂರು ಹೊಸದು ತೆಗೆದುಕೊಳ್ಳುವುದಿಲ್ಲ, ಒಂದೇ ಒಂದು, ಎಂಟನೇ ಜನರೇಷನ್ ಅಥವಾ ಮೇಲಿನದು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಅಸಲಿ ವಿಂಡೋಸ್ 11 ಇರುವಂಥದ್ದು. ಟ್ಯಾಲಿ, ಬೆರಳ ಗುರುತಿನ ಮಷಿನ್, ಡಿಜಿಟಲ್ ಸಹಿ, ಕೋರಲ್ ಅದರಲ್ಲಿ. ಹಳೆಯ ಮೂರರಲ್ಲಿ ಒಂದನ್ನು ವಿಂಡೋಸ್ 10ರಲ್ಲೇ ಬಿಟ್ಟು ಇಂಟರ್ನೆಟ್ ವಯರ್ ಕಿತ್ತು, ಪೇಜ್‌ಮೇಕರ್ ಮತ್ತು ಹಳೆಯ ನುಡಿ ಫೈಲುಗಳಿಗೆ ಮೀಸಲಿಡುತ್ತೇನೆ. ಅದಕ್ಕೆ ಗಿರಾಕಿಯ ಪೆನ್ ಡ್ರೈವ್ ಹಚ್ಚುವುದಿಲ್ಲ. ಇನ್ನೊಂದಕ್ಕೆ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕು ಮತ್ತು ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿ, ರ್‍ಯಾಮು ಡಿಡಿಆರ್3 ಅಂತ ಹೇಳಿ ತರಿಸಿ, ಅದಕ್ಕೆ ಮಿಂಟ್ ಅನ್ನುವ ಲಿನಕ್ಸಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಅಪ್‌ಡೇಟ್ ಅದಕ್ಕೂ ಬರುತ್ತದೆ, ಆದರೆ ಮೂಲೆಯಲ್ಲಿ ಒಂದು ಗುರುತು ತೋರಿಸಿ ಸುಮ್ಮನಿರುತ್ತದೆ, ನೀವು ಒತ್ತಿದಾಗ ಹಾಕಿಕೊಳ್ಳುತ್ತದೆ. ಮೂರನೇ ಹಳೆಯ ಮಷಿನ್ ಸದ್ಯಕ್ಕೆ ಪೆಟ್ಟಿಗೆಯಲ್ಲಿ, ಬಿಡಿಭಾಗಕ್ಕೆ.

ಮಿಂಟ್ ಮಷಿನ್ನನ್ನು ಬಾಗಿಲ ಹತ್ತಿರ ಇಡಿ. ಉತಾರ, ಆನ್‌ಲೈನ್ ಅರ್ಜಿ, ರಿಸಲ್ಟು, ಬಸ್ಸಿನ ಟಿಕೆಟ್ಟು, ಬ್ರೌಸರಿನಲ್ಲಿ ಆಗುವ ಕೆಲಸವೆಲ್ಲ ಅಲ್ಲಿ. ಗಿರಾಕಿಗಳ ಪೆನ್ ಡ್ರೈವೂ ಅಲ್ಲೇ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ಆ ಹಳೆಯ ಪೆನ್ ಡ್ರೈವ್ ವೈರಸ್ ವಿಂಡೋಸಿಗೆ ಬರೆದದ್ದು, ಮಿಂಟಿನಲ್ಲಿ ಅದು ಸತ್ತ ಹಾವು. ಫೈಲು ತೆರೆದು, ಪಿಡಿಎಫ್ ಮಾಡಿ, ಆ ಪಿಡಿಎಫನ್ನು ಮಾತ್ರ ಪ್ರಿಂಟಿನ ಮಷಿನ್‌ಗೆ ಕಳಿಸಿ. ಗಿರಾಕಿ ಹೊಸ ಪರದೆ ನೋಡಿ ಏನಿದು ಅಂದರೆ, ಜಿಲ್ಲಾ ಕೋರ್ಟುಗಳಲ್ಲಿ ಉಬುಂಟು ಅನ್ನುವ ಲಿನಕ್ಸ್ ವರ್ಷಗಳಿಂದ ಇದೆ, ಕೇರಳದ ಸರ್ಕಾರಿ ಶಾಲೆಗಳೂ ಲಿನಕ್ಸಿನಲ್ಲೇ ನಡೆಯುತ್ತವೆ ಅಂತ ಹೇಳಿ. ಮಿಂಟು ನಿಂತಿರುವುದೂ ಉಬುಂಟುವಿನ ಮೇಲೆಯೇ.

ಇದೆಲ್ಲಕ್ಕೂ ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಮೂರೂ ಮಷಿನ್‌ಗಳ ಫೈಲುಗಳನ್ನು, ನುಡಿ ಫಾಂಟಿನ ಫೋಲ್ಡರ್ ಸಮೇತ, ಅದಕ್ಕೆ ಹಾಕಿ ಮನೆಯಲ್ಲಿಡಿ. ಫಾಂಟು ಕಳೆದುಹೋದರೆ ಫೈಲು ಇದ್ದೂ ಇಲ್ಲದಂತೆ.

ಮಗನಿಗೆ ಹೇಳಿ, ಬರುವ ರಜೆಯ ದಿನ 8 ಜಿಬಿಯ ಒಂದು ಪೆನ್ ಡ್ರೈವಿಗೆ ಮಿಂಟ್ ಬರೆದು, ಒಂದು ಹಳೆಯ ಮಷಿನ್ನನ್ನು ಅದರಿಂದಲೇ ಹಚ್ಚಲಿ. ಇನ್‌ಸ್ಟಾಲ್ ಒತ್ತುವುದು ಬೇಡ, ಪೆನ್ ಡ್ರೈವಿನಿಂದಲೇ ಅದು ಓಡುತ್ತದೆ. ನಿಧಾನ ಇರುತ್ತದೆ, ಅದಕ್ಕೆ ಬೈಯಬೇಡಿ. ವೈಫೈ ಸಿಕ್ಕಿತಾ, ಪ್ರಿಂಟರಿನಲ್ಲಿ ಕನ್ನಡದ ಒಂದು ಪುಟ ಬಂತಾ, ಸ್ಕ್ಯಾನ್ ಆಯಿತಾ, ನೀವು ದಿನಾ ತೆರೆಯುವ ಸರ್ಕಾರಿ ಸೈಟುಗಳು ತೆರೆದವಾ, ಇಷ್ಟು ನೋಡಿ. ಬರದಿದ್ದರೆ ಶಟ್‌ಡೌನ್ ಮಾಡಿ ಪೆನ್ ಡ್ರೈವ್ ತೆಗೆದು ಮತ್ತೆ ಹಚ್ಚಿ, ನಿಮ್ಮ ವಿಂಡೋಸ್ ಇದ್ದಲ್ಲೇ ಇರುತ್ತದೆ.